ಅಂಗಡಿ ಪೋಸ್ಟ್ ಬರೆಯೋದು ಹೇಗೆ? ಓದಿದವರು ಮತ್ತೆ ಫೋನ್ ಮಾಡಿ ಕೇಳುವಂತಿರಬಾರದು

ಸಂತೆ ದಿನ ಬೆಳಿಗ್ಗೆ ತಾಲ್ಲೂಕಿನ ಯಾವ ವಾಟ್ಸಾಪ್ ಗ್ರೂಪ್ ತೆರೆದರೂ ‘ಭರ್ಜರಿ ಆಫರ್’, ‘ಇಂದೇ ಭೇಟಿ ಕೊಡಿ’ ಅನ್ನೋ ಪೋಸ್ಟ್‌ಗಳ ಸಾಲು. ಅದನ್ನು ನಂಬಿ ಹಳ್ಳಿಯಿಂದ ಬಸ್ ಹತ್ತಿ ಬಂದ ಗಿರಾಕಿಗೆ ‘ಅದು ಮೊನ್ನೇನೇ ಮುಗೀತಲ್ಲ’ ಅಂತ ಉತ್ತರ ಸಿಕ್ಕರೆ ಬಸ್ ಚಾರ್ಜೂ ಹೋಯ್ತು, ಅರ್ಧ ದಿನದ ಕೆಲಸವೂ ಹೋಯ್ತು. ಅಂಗಡಿಯವರಿಗೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಆ ಅಂಗಡಿಯ ಮುಂದಿನ ಪೋಸ್ಟನ್ನು ಆ ಗಿರಾಕಿ ಓದೋದೇ ಇಲ್ಲ.

ಪೋಸ್ಟ್ ಹಾಕೋಕೆ ದುಡ್ಡು ಬೇಕಿಲ್ಲ, ಡಿಸೈನರ್ ಕೂಡ ಬೇಕಿಲ್ಲ. ಗಿರಾಕಿ ಅಂಗಡಿ ಮುಂದೆ ನಿಂತು ಏನೇನು ಕೇಳ್ತಾರೋ ಅದಕ್ಕೆಲ್ಲ ಪೋಸ್ಟ್‌ನಲ್ಲೇ ಉತ್ತರ ಇರಬೇಕು, ಅಷ್ಟೇ.

ಐದು ವಿಷಯ ಇರಲೇಬೇಕು

ಏನು ವಸ್ತು, ಎಷ್ಟು ಬೆಲೆ, ಅಂಗಡಿ ಎಲ್ಲಿ, ಯಾವ ತಾರೀಖಿನವರೆಗೆ, ಯಾರಿಗೆ ಫೋನ್ ಮಾಡಬೇಕು. ಈ ಐದರಲ್ಲಿ ಒಂದು ಬಿಟ್ಟರೂ ಪೋಸ್ಟ್ ಅರ್ಧ ಆದಂತೆ.

ಉದಾಹರಣೆಗೆ, ಹಾರ್ಡ್‌ವೇರ್ ಅಂಗಡಿಯೊಂದು ಹೀಗೆ ಬರೆದಿದೆ ಅಂದುಕೊಳ್ಳೋಣ: ‘ರೈತ ಬಾಂಧವರಿಗೆ ಸಿಹಿ ಸುದ್ದಿ!!! ಎಲ್ಲಾ ಸೈಜಿನ ಟಾರ್ಪಾಲ್ ಕಡಿಮೆ ಬೆಲೆಗೆ!!! ಇಂದೇ ಭೇಟಿ ಕೊಡಿ.’ ಇದನ್ನು ಓದಿದವರಿಗೆ ಸೈಜು ಗೊತ್ತಾಗಲ್ಲ, ರೇಟು ಗೊತ್ತಾಗಲ್ಲ. ‘ಇಂದೇ’ ಅಂದರೆ ಯಾವತ್ತು ಅನ್ನೋದೂ ಗೊತ್ತಾಗಲ್ಲ.

ಅದನ್ನೇ ಹೀಗೆ ಬರೆಯಬಹುದು: ‘ರಾಗಿ ಕಣಕ್ಕೆ ಟಾರ್ಪಾಲ್. 18x24 ಅಡಿ, ಒಂದಕ್ಕೆ 2,100 ರೂ. ಈ ರೇಟು ನವೆಂಬರ್ 12ರಿಂದ 16ರವರೆಗೆ. ಒಟ್ಟು 40 ಪೀಸ್ ಇವೆ. ಹಳೇ ಬಸ್ ಸ್ಟ್ಯಾಂಡ್ ಎದುರು, ಅರಳಿಕಟ್ಟೆ ಪಕ್ಕ. ಬೆಳಿಗ್ಗೆ 9ರಿಂದ ರಾತ್ರಿ 8. ಬರೋ ಮುಂಚೆ ಮೆಸೇಜ್ ಮಾಡಿದರೆ ಎತ್ತಿಡ್ತೀವಿ.’ ಕೆಳಗೆ ಫೋನ್ ನಂಬರ್. ಇದರಲ್ಲಿ ಒಂದೂ ದೊಡ್ಡ ಮಾತಿಲ್ಲ, ಆದರೆ ಟಾರ್ಪಾಲ್ ಬೇಕಾದವರು ಹುಡುಕಿಕೊಂಡು ಬರ್ತಾರೆ.

‘ನಾಳೆ’ ಅಂತ ಬರೆಯಬೇಡಿ

ಪೋಸ್ಟ್ ಬರೆದವರ ಕೈ ಬಿಟ್ಟು ಹೋದಮೇಲೆ ಎಷ್ಟು ದಿನ ಸುತ್ತುತ್ತೆ ಅನ್ನೋದು ಯಾರಿಗೂ ಗೊತ್ತಿರಲ್ಲ. ‘ನಾಳೆ ಅಂಗಡಿ ರಜೆ’ ಅನ್ನೋ ಮೆಸೇಜ್ ನಾಲ್ಕು ದಿನ ಬಿಟ್ಟು ಇನ್ನೊಂದು ಗ್ರೂಪಿಗೆ ಬಂದರೆ, ಅಂಗಡಿ ತೆಗೆದಿದ್ದರೂ ಗಿರಾಕಿ ಬರಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು ನಿಜ. ಆದರೆ ಅಷ್ಟರಲ್ಲಿ ಬೇರೆಯವರು ಫಾರ್ವರ್ಡ್ ಮಾಡಿದ್ದರೆ ಅದು ತಿದ್ದುಪಡಿ ಆಗಲ್ಲ. ಹಾಗಾಗಿ ವಾರದ ಜೊತೆ ತಾರೀಖನ್ನೂ ಹಾಕಬೇಕು.

ಫೋಟೋ ಒಂದೇ ಸಾಲದು

ಫ್ಲೆಕ್ಸ್‌ಗೆ ಮಾಡಿಸಿದ ಡಿಸೈನನ್ನೇ ಸ್ಟೇಟಸ್‌ಗೆ ಹಾಕೋದು ಹಲವರ ಅಭ್ಯಾಸ. ಹತ್ತು ಅಡಿ ಫ್ಲೆಕ್ಸ್‌ನಲ್ಲಿ ಕಾಣೋ ಅಕ್ಷರ ಮೊಬೈಲ್‌ನಲ್ಲಿ ಇರುವೆ ಸಾಲಿನಂತೆ ಕಾಣುತ್ತೆ. ಫೋಟೋ ಒಳಗಿನ ನಂಬರನ್ನು ಒತ್ತಿ ಕಾಲ್ ಮಾಡೋಕೂ ಎಲ್ಲ ಫೋನ್‌ಗಳಲ್ಲಿ ಆಗಲ್ಲ. ಫೋಟೋ ಕೆಳಗೆ ನಂಬರ್, ಬೆಲೆ, ವಿಳಾಸ ಟೈಪ್ ಮಾಡಿದರೆ ಆ ತೊಂದರೆ ಇರಲ್ಲ.

ಗೂಗಲ್‌ನಲ್ಲಿ ಸಿಕ್ಕ ಚಿತ್ರಕ್ಕಿಂತ ಅಂಗಡಿಯ ಸ್ವಂತ ಮಾಲಿನ ಫೋಟೋ ಮೇಲು. ಬೇರೆಯವರ ಚಿತ್ರಕ್ಕೆ ಹಕ್ಕಿನ ತಕರಾರು ಬರಬಹುದು. ಚಿತ್ರದಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು ಇದ್ದರೆ ಜಗಳವೂ ಗ್ಯಾರಂಟಿ. ಹಗಲು ಬೆಳಕಲ್ಲಿ, ಬಾಗಿಲ ಹತ್ತಿರ ಇಟ್ಟು ತೆಗೆದರೆ ಸಾಕು.

ಇನ್ನೊಂದು ತೊಡಕು ಫಾಂಟಿನದ್ದು. ಡಿಟಿಪಿ ಅಂಗಡಿಯಲ್ಲಿ ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಪೇಸ್ಟ್ ಮಾಡಿದರೆ ಮೊಬೈಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರ್ತವೆ. ಯೂನಿಕೋಡ್‌ಗೆ ಬದಲಾಯಿಸಿ ಕೊಡಿ ಅಂತ ಕೇಳಬೇಕು. ಮೊಬೈಲ್‌ನ ಕನ್ನಡ ಕೀಬೋರ್ಡ್ ಯೂನಿಕೋಡ್‌ನಲ್ಲೇ ಬರೆಯುತ್ತೆ. ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಮಾತಾಡಿದರೂ ಕನ್ನಡ ಟೈಪ್ ಆಗುತ್ತೆ. ಆದರೆ ಬೆಲೆಯ ಅಂಕಿಗಳನ್ನು ಒಮ್ಮೆ ನೋಡಿಯೇ ಕಳಿಸಬೇಕು.

ಎಲ್ಲಿ ಹಾಕಬೇಕು?

ವಾಟ್ಸಾಪ್ ಸ್ಟೇಟಸ್ 24 ಗಂಟೆ ಮಾತ್ರ ಇರುತ್ತೆ. ಇವತ್ತಿನ ಹೂವಿನ ರೇಟು, ಬಿಸಿ ತಿಂಡಿಯಂಥದ್ದಕ್ಕೆ ಅದು ಸರಿ. ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ಅಂಗಡಿ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತೆ. ಬಿಲ್ ಕೊಡುವಾಗಲೇ ‘ನಂಬರ್ ಸೇವ್ ಮಾಡ್ಕೊಳ್ಳಿ’ ಅಂತ ಹೇಳಿದರೆ ಕೆಲಸ ಸಲೀಸು. ಕೇಳದೇ ಇದ್ದವರಿಗೆ ದಿನಾ ಕಳಿಸಿದರೆ ಜನ ಬ್ಲಾಕ್, ರಿಪೋರ್ಟ್ ಮಾಡ್ತಾರೆ. ರಿಪೋರ್ಟ್ ಹೆಚ್ಚಾದರೆ ನಂಬರೇ ಬ್ಯಾನ್ ಆಗಬಹುದು.

ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತ. ಅದರ ಕ್ಯಾಟಲಾಗ್‌ನಲ್ಲಿ ಮಾಲಿನ ಫೋಟೋ, ಬೆಲೆ ಖಾಯಂ ಇಡಬಹುದು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸೋದಕ್ಕೂ ದುಡ್ಡಿಲ್ಲ. ಹೊಸದಾಗಿ ಊರಿಗೆ ಬಂದವರು ನೋಡೋದು ಅದನ್ನೇ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಉದ್ದ ಬರಹದ ಮೊದಲ ಸಾಲುಗಳು ಮಾತ್ರ ಕಾಣೋದರಿಂದ ವಸ್ತು ಮತ್ತು ಬೆಲೆ ಅಲ್ಲೇ ಬರಬೇಕು. ರೇಟು ಕೇಳಿದವರಿಗೆ ‘ಇನ್‌ಬಾಕ್ಸ್‌ಗೆ ಬನ್ನಿ’ ಅನ್ನೋದಕ್ಕಿಂತ ಅಲ್ಲೇ ಹೇಳಿದರೆ ಓದುವ ಉಳಿದವರಿಗೂ ತಿಳಿಯುತ್ತೆ.

ಸುಳ್ಳು ಆಫರ್‌ಗೆ ಕಾನೂನಿದೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಟರ್ನೆಟ್‌ನಲ್ಲಿ ಹಾಕಿದ್ದೂ ಜಾಹೀರಾತೇ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ 2022ರಲ್ಲಿ ಬಂದ ಮಾರ್ಗಸೂಚಿಯಲ್ಲಿ, ಸಾಕಷ್ಟು ಸ್ಟಾಕ್ ಇಲ್ಲದೇ ಕಡಿಮೆ ಬೆಲೆ ತೋರಿಸಿ ಜನರನ್ನು ಕರೆಸಬಾರದು ಅಂತಿದೆ. ಸ್ಟಾಕ್ ಕಡಿಮೆ ಇದ್ದರೆ ಅದನ್ನು ಹೇಳಬೇಕು. ‘ಒಟ್ಟು 40 ಪೀಸ್’ ಅನ್ನೋ ಸಾಲಿನ ಬೆಲೆ ಅದು. ಮೋಸ ಹೋದ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಮಾಲು ಮುಗಿದ ಕೂಡಲೇ ‘ಸ್ಟಾಕ್ ಮುಗಿದಿದೆ, ಮುಂದಿನ ಲೋಡ್ ಬಂದಾಗ ತಿಳಿಸ್ತೀವಿ’ ಅಂತ ಇನ್ನೊಂದು ಪೋಸ್ಟ್ ಹಾಕೋದು ಒಳ್ಳೇದು. ವ್ಯಾಪಾರ ತರದ ಪೋಸ್ಟ್ ಅದು, ಆದರೆ ದೂರದ ಹಳ್ಳಿಯವರ ಒಂದು ಓಡಾಟ ಉಳಿಸುತ್ತೆ. ಮುಂದಿನ ಸಲ ಅವರು ನಂಬೋದು ಅದೇ ಅಂಗಡಿಯನ್ನು.

ಕಳಿಸೋ ಮುಂಚೆ ಮನೆಯಲ್ಲಿ ಯಾರಿಗಾದರೂ ಓದೋಕೆ ಕೊಟ್ಟು ನೋಡಬಹುದು. ಅವರು ಏನಾದರೂ ಪ್ರಶ್ನೆ ಕೇಳಿದರೆ, ಅದರ ಉತ್ತರವನ್ನು ಪೋಸ್ಟಿಗೆ ಸೇರಿಸಿ ಕಳಿಸಿದರಾಯ್ತು.