ಅಡ್ಮಿರಲ್ ಟ್ರೈಯನ್‌ನ ಕೊನೆಯ ಅಪ್ಪಣೆ

ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟಿಷ್ ನೌಕಾದಳದಲ್ಲಿ ಅಪ್ಪಣೆಯೆಂದರೆ ವೇದವಾಕ್ಯ. ಅಧಿಪತಿಯ ಹಡಗಿನಲ್ಲಿ ಸಂಕೇತದ ಬಾವುಟಗಳು ಏರಬೇಕು. ಉಳಿದ ಹಡಗುಗಳು ಅವನ್ನು ಓದಿ, ತಿಳಿಯಿತೆಂದು ಮರುಬಾವುಟ ಏರಿಸಿ, ಆಮೇಲಷ್ಟೇ ತಿರುಗಬೇಕು. ಯುದ್ಧದ ಹೊಗೆಯಲ್ಲಿ ಬಾವುಟವೇ ಕಾಣದಿದ್ದರೆ ಏನು ಗತಿ? ಹೀಗೆ ಕೇಳಿದವನು ಸರ್ ಜಾರ್ಜ್ ಟ್ರೈಯನ್.

1832ರಲ್ಲಿ ಹುಟ್ಟಿದ ಈತ ಕ್ರಿಮಿಯಾ ಯುದ್ಧವನ್ನು ಕಂಡವನು. 1868ರಲ್ಲಿ ಬೊಂಬಾಯಿಯಿಂದ ಅಬಿಸೀನಿಯಕ್ಕೆ ದಂಡು ಹೋದಾಗ, ಕೆಂಪು ಸಮುದ್ರದ ಕೊಲ್ಲಿಯೊಂದರಲ್ಲಿ ನಿಂತು ಸಾಗಣೆ ಹಡಗುಗಳ ಮೇಲ್ವಿಚಾರಣೆ ನಡೆಸಿದವನೂ ಇವನೇ. 1891ರಲ್ಲಿ ಮೆಡಿಟರೇನಿಯನ್ ನೌಕಾದಳದ ಅಧಿಪತ್ಯ ದೊರೆಯಿತು. ಅಲ್ಲಿ ಅವನು ಹೊಸ ಪಾಠ ಆರಂಭಿಸಿದ: 'ಟಿ', 'ಎ' ಎಂಬ ಅಕ್ಷರಗಳ ಬಾವುಟ ಏರಿದರೆ ಮುಂದೆ ಸಂಕೇತಗಳಿಲ್ಲ; ಮುಂದಿನ ಹಡಗಿನ ನಡೆ ನೋಡಿಕೊಂಡು ಕ್ಯಾಪ್ಟನ್ನರು ತಾವೇ ಯೋಚಿಸಿ ನಡೆಯಬೇಕು. ಆದರೆ ಆಸಾಮಿ ಮಹಾ ಗತ್ತಿನವನು. ಯೋಚಿಸಿರೆಂದು ಕಲಿಸುವ ಗುರುವಿನೆದುರು ಬಾಯಿ ಬಿಡಲು ಶಿಷ್ಯರಿಗೆ ಧೈರ್ಯವಿರಲಿಲ್ಲ!

1893ರ ಜೂನ್ 22. ಈಗಿನ ಲೆಬನಾನಿನ ಟ್ರಿಪೊಲಿಯ ಬಳಿ ದಳವು ಎರಡು ಸಾಲಾಗಿ ಸಾಗುತ್ತಿತ್ತು. ಒಂದರ ಮುಂದೆ ಟ್ರೈಯನ್ನನ 'ವಿಕ್ಟೋರಿಯಾ'; ಇನ್ನೊಂದರ ಮುಂದೆ ಉಪಾಧಿಪತಿ ಮಾರ್ಕ್‌ಹ್ಯಾಮನ 'ಕ್ಯಾಂಪರ್‌ಡೌನ್'. ಅಂದು ಹೊಸ ಪದ್ಧತಿಯಲ್ಲ, ಹಳೆಯ ಬಾವುಟಗಳೇ. ಎರಡು ಸಾಲುಗಳೂ ಒಳಮುಖವಾಗಿ ತಿರುಗಿ, ಬಂದ ದಿಕ್ಕಿಗೇ ಮರಳಬೇಕೆಂದು ಅಪ್ಪಣೆ. ನಡುವಿನ ಅಂತರ ಸುಮಾರು 1200 ಗಜ. ಎರಡು ಹಡಗುಗಳು ತಿರುಗಲಿಕ್ಕೇ ಸುಮಾರು 1600 ಗಜ ಬೇಕು. ಅಧಿಕಾರಿಯೊಬ್ಬ ಅಂತರ ಸಾಲದೆಂದು ಹೇಳಿದ್ದ. ಟ್ರೈಯನ್ ಒಪ್ಪಿಯೂ ಇದ್ದ. ಮತ್ತೇಕೋ ಹಳೆಯ ಅಂಕಿಯನ್ನೇ ಉಳಿಸಿದ.

ಮಾರ್ಕ್‌ಹ್ಯಾಮ್ ತಡೆದ. ಏತಕ್ಕೆ ಕಾಯುತ್ತಿದ್ದೀರಿ ಎಂಬ ಪ್ರಶ್ನೆ ಇಡೀ ದಳದೆದುರು ಬಂತು. ಅಧಿಪತಿ ತನ್ನನ್ನು ಹೊರಗಿನಿಂದ ಬಳಸಿ ಹೋಗುವನೇನೋ ಎಂದುಕೊಂಡು, ಆತ ತಿರುಗಿಬಿಟ್ಟ. 'ಕ್ಯಾಂಪರ್‌ಡೌನ್'ನ ಮೂತಿ 'ವಿಕ್ಟೋರಿಯಾ'ದ ಬಲಮಗ್ಗುಲಿಗೆ ನೆಟ್ಟಿತು. ಕಾಲು ಗಂಟೆಯೊಳಗೆ ಹಡಗು ಮುಳುಗಿ 358 ಮಂದಿ ಸತ್ತರು, ಟ್ರೈಯನ್ನನೂ ಅವರಲ್ಲೊಬ್ಬ. ತಪ್ಪೆಲ್ಲ ತನ್ನದೇ ಎಂದು ಅವನು ಹೇಳಿದ್ದನ್ನು ಪಕ್ಕದಲ್ಲಿದ್ದವರು ಕೇಳಿದ್ದರು. ಜ್ವರದಿಂದ ಮಲಗಿದ್ದ ಅಧಿಕಾರಿ ಜೆಲ್ಲಿಕೋ ಹೇಗೋ ಬದುಕಿದ. 1916ರ ಜಟ್ಲೆಂಡ್ ಕದನದಲ್ಲಿ ಬ್ರಿಟಿಷ್ ಮಹಾದಳವನ್ನು ನಡೆಸಿದವನು ಅವನೇ.

ಮಾಲ್ಟಾದಲ್ಲಿ ವಿಚಾರಣೆ ನಡೆಯಿತು. ಮಾರ್ಕ್‌ಹ್ಯಾಮ್ ತನ್ನ ಸಂಶಯವನ್ನು ತಿಳಿಸದೆಹೋದದ್ದಕ್ಕೆ ನ್ಯಾಯಮಂಡಲಿ ವಿಷಾದಿಸಿತು. ಆದರೆ ಅಧಿಪತಿ ಖುದ್ದಾಗಿ ಎದುರಿಗಿರುವಾಗ ಅಪ್ಪಣೆ ಪಾಲಿಸಿದ್ದು ತಪ್ಪೆಂದರೆ ದಳಕ್ಕೇ ಮಾರಕವೆಂದೂ ಸೇರಿಸಿತು. ಟ್ರೈಯನ್ನನ ಹೊಸ ಪಾಠ ಅವನೊಡನೆಯೇ ಬದಿಗೆ ಸರಿಯಿತು.

2004ರಲ್ಲಿ ಮುಳುಗುಗಾರರಿಗೆ 'ವಿಕ್ಟೋರಿಯಾ' ಸಿಕ್ಕಿತು. ಮೂತಿ ಕೆಸರಿನಲ್ಲಿ ಹೂತು, ಹಿಂಭಾಗ ಮೇಲಾಗಿ, ಹಡಗು ನೆಟ್ಟಗೆ ನಿಂತಿತ್ತು.