ದೂರ ಅಗ್ಗವಾಯಿತು, ಬೆಳಕು ಇನ್ನೂ ತುಟ್ಟಿ

ನಾಭಿದೂರ 600 ಮಿ.ಮೀ. ಎಂದು ಮೈಮೇಲೆ ಬರೆಸಿಕೊಂಡ ಮೂರು ಬಗೆಯ ಲೆನ್ಸುಗಳು ಇವತ್ತು ಮಾರುಕಟ್ಟೆಯಲ್ಲಿವೆ. ಒಂದರ ಬೆಲೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ, ಇನ್ನೊಂದರದು ಲಕ್ಷದ ಆಸುಪಾಸು, ಮೂರನೆಯದು ಅದಕ್ಕೂ ಕಡಿಮೆಗೆ ಸಿಗುತ್ತದೆ. ಕಬಿನಿ ಹಿನ್ನೀರಿನ ಆಚೆ ದಡದಲ್ಲಿ ನಿಂತ ಆನೆ ಮೂರರಲ್ಲೂ ಒಂದೇ ಗಾತ್ರದಲ್ಲಿ ಕಾಣುತ್ತದೆ. ಹಾಗಾದರೆ ಉಳಿದ ಒಂಬತ್ತು ಲಕ್ಷ ಯಾವುದಕ್ಕೆ? ಬೆಳಕಿಗೆ. ಮೊದಲನೆಯದು ಎಫ್/4, ಎರಡನೆಯದು ಎಫ್/6.3, ಮೂರನೆಯದು ಎಫ್/11. 600ನ್ನು 4ರಿಂದ ಭಾಗಿಸಿದರೆ 150. ಅಂದರೆ ಮುಂದಿನ ಗಾಜು ಹೆಚ್ಚುಕಡಿಮೆ 150 ಮಿ.ಮೀ. ಅಗಲ ಇರಲೇಬೇಕು. ಅದೇ ಲೆಕ್ಕದಲ್ಲಿ ಎಫ್/6.3ಕ್ಕೆ 95 ಮಿ.ಮೀ. ಸಾಕು, ಎಫ್/11ಕ್ಕೆ 55 ಸಾಕು. ತೂಕವೂ ಹಾಗೆಯೇ ಇಳಿಯುತ್ತದೆ: ಮೂರು ಕೆ.ಜಿ., ಎರಡು ಕೆ.ಜಿ., ಒಂದು ಕೆ.ಜಿ.ಗೂ ಕಡಿಮೆ.

ಲೆನ್ಸಿನ ಚರಿತ್ರೆಯನ್ನು ಜೇಬಿನ ಕಡೆಯಿಂದ ಓದಿದರೆ ತಿಳಿಯುವುದು ಇಷ್ಟೇ. ದೂರದ್ದನ್ನು ಹತ್ತಿರ ತರುವ ಕೆಲಸ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತ ಬಂದಿದೆ. ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಕೆಲಸ ಆಗಿಲ್ಲ. ಕಾಡುಪ್ರಾಣಿ, ಕ್ರೀಡೆ, ನಿಸರ್ಗದೃಶ್ಯ ಈ ಮೂರರಲ್ಲಿ ಯಾವುದಕ್ಕೆ ದೂರ ಬೇಕು, ಯಾವುದಕ್ಕೆ ಬೆಳಕು ಬೇಕು, ಯಾವುದಕ್ಕೆ ಎರಡೂ ಅಷ್ಟಾಗಿ ಬೇಡ ಎಂಬುದನ್ನು ವಿಂಗಡಿಸಿಕೊಳ್ಳದೆ ಅಂಗಡಿಗೆ ಹೋದವರು ಬೇಡದ್ದಕ್ಕೆ ದುಡ್ಡು ಸುರಿದು ಬರುತ್ತಾರೆ.

ಮೊದಮೊದಲು ದೂರವೇ ಇರಲಿಲ್ಲ. ಬ್ರಿಟಿಷ್ ಭಾರತದ ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಹುಲಿಯ ಚಿತ್ರಗಳನ್ನು ತೆಗೆದದ್ದು ಲೆನ್ಸಿನ ಶಕ್ತಿಯಿಂದಲ್ಲ, ಹುಲಿಯ ದಾರಿಗೆ ಅಡ್ಡವಾಗಿ ತಂತಿ ಕಟ್ಟಿ. ಕಾಲು ತಗುಲಿದರೆ ಫ್ಲ್ಯಾಶ್ ಸಿಡಿಯುತ್ತಿತ್ತು, ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತಿತ್ತು. 1927ರಲ್ಲಿ ಬಂದ ಅವರ ‘ವಿತ್ ಎ ಕ್ಯಾಮೆರಾ ಇನ್ ಟೈಗರ್‌ಲ್ಯಾಂಡ್’ ಪುಸ್ತಕದಲ್ಲಿ ಆ ಚಿತ್ರಗಳಿವೆ. ಹಾಗೆಂದು ಟೆಲಿಫೋಟೋ ಲೆನ್ಸ್ ಆಗ ಹುಟ್ಟಿರಲಿಲ್ಲವೆಂದಲ್ಲ. ಲೆನ್ಸಿನ ಕೊಳವೆಯನ್ನು ಅದರ ನಾಭಿದೂರಕ್ಕಿಂತ ಗಿಡ್ಡ ಮಾಡುವ ಈ ರಚನೆಯನ್ನು ಇಂಗ್ಲೆಂಡಿನ ಡಾಲ್‌ಮೇಯರ್, ಜರ್ಮನಿಯ ಮೀತೆ ಮತ್ತು ಸ್ಟೈನ್‌ಹೈಲ್ 1891ರ ಹೊತ್ತಿಗೇ ಬೇರೆಬೇರೆಯಾಗಿ ಕಂಡುಕೊಂಡಿದ್ದರು. ಆದರೆ ಮಂದಗತಿಯ ಫಿಲ್ಮು, ಮಬ್ಬು ಲೆನ್ಸು ಎರಡೂ ಸೇರಿದರೆ ಮರದ ನೆರಳಲ್ಲಿ ಅಡ್ಡಾಡುವ ಪ್ರಾಣಿಯನ್ನು ಹಿಡಿಯುವುದು ಆಗದ ಮಾತಾಗಿತ್ತು.

ನಮ್ಮ ಕಡೆಯ ವನ್ಯಜೀವಿ ಛಾಯಾಗ್ರಾಹಕರ ಮೊದಲ ದೊಡ್ಡ ಪೀಳಿಗೆ ಬೆಳೆದದ್ದೂ ಈ ಅಭಾವದಲ್ಲೇ. ಬೆಂಗಳೂರಿನ ಇ. ಹನುಮಂತರಾವ್ ಮತ್ತು ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರ ಕಾಲದಲ್ಲಿ ಆಮದು ನಿರ್ಬಂಧವಿತ್ತು, ಸುಂಕ ದುಬಾರಿಯಾಗಿತ್ತು, ಒಳ್ಳೆಯ ಲೆನ್ಸು ವಿದೇಶದಿಂದ ಬರುವವರ ಪೆಟ್ಟಿಗೆಯಲ್ಲಿ ಬರಬೇಕಿತ್ತು. ಲೆನ್ಸು ಹಕ್ಕಿಯ ಹತ್ತಿರ ಹೋಗದಿದ್ದರೆ ಮನುಷ್ಯನೇ ಹೋಗಬೇಕು. ಗೂಡಿನ ಎದುರು ಸೊಪ್ಪುಸದೆಯ ಮರೆ ಕಟ್ಟಿ, ದಿನಕ್ಕಿಷ್ಟು ಎಂದು ಅದನ್ನು ಹತ್ತಿರ ಸರಿಸಿ, ಹಕ್ಕಿ ಒಗ್ಗಿಕೊಂಡ ಮೇಲೆ ಒಳಗೆ ಕೂರುವುದು ಆ ಕಾಲದ ಪದ್ಧತಿ. ಇವತ್ತು ಗೂಡಿನ ಚಿತ್ರಗಳನ್ನು ಹಲವು ಸ್ಪರ್ಧೆಗಳು ಸ್ವೀಕರಿಸುವುದಿಲ್ಲ. ಹಕ್ಕಿಯ ನೆಮ್ಮದಿ ಕೆಡುತ್ತದೆ ಎಂಬುದು ಕಾರಣ. ಆ ನಿಯಮ ಸರಿಯೇ. ಆದರೆ ಅಂಥ ನಿಯಮ ಮಾಡಿ ಪಾಲಿಸುವುದು ಸುಲಭವಾದದ್ದು ಉದ್ದದ ಲೆನ್ಸು ಎಲ್ಲರ ಕೈಗೆಟುಕಿದ ಮೇಲೆ ಎಂಬುದನ್ನು ಹಳಬರ ಚಿತ್ರ ನೋಡಿ ಮೂಗು ಮುರಿಯುವವರು ನೆನಪಿಟ್ಟುಕೊಳ್ಳಬೇಕು.

ಕ್ರೀಡೆಯ ಕಥೆ ಬೇರೆ. ಅಲ್ಲಿ ಮೊದಲಿನಿಂದಲೂ ಹಣವಿತ್ತು, ಪತ್ರಿಕೆಗಳಿದ್ದವು, ಒಲಿಂಪಿಕ್ಸ್ ಇತ್ತು. 1936ರ ಬರ್ಲಿನ್ ಕೂಟದ ಹೊತ್ತಿಗೆ ಝೈಸ್ ಕಂಪನಿ 180 ಮಿ.ಮೀ. ಎಫ್/2.8 ಸೊನಾರ್ ತಂದಿತು. ಅದಕ್ಕೆ ‘ಒಲಿಂಪಿಯಾ ಸೊನಾರ್’ ಎಂಬ ಹೆಸರೇ ಅಂಟಿಕೊಂಡಿತು. ಎಫ್/2.8 ಎಂಬ ಆ ಸಂಖ್ಯೆಯನ್ನು ಕ್ರೀಡಾ ಛಾಯಾಗ್ರಾಹಕರು ಇವತ್ತಿಗೂ ಬಿಟ್ಟಿಲ್ಲ.

ಉದ್ದದ ಲೆನ್ಸಿಗೆ ಒಂದು ಹುಟ್ಟುರೋಗವಿತ್ತು. ಕೆಂಪು, ಹಸಿರು, ನೀಲಿ ಬೆಳಕುಗಳು ಒಂದೇ ಬಿಂದುವಿನಲ್ಲಿ ಕೂಡದೆ, ಕೊಕ್ಕರೆಯ ಬಿಳಿ ರೆಕ್ಕೆಯಂಚಿಗೆ ನೇರಳೆ ಗೆರೆ ಬರುತ್ತಿತ್ತು. ನಾಭಿದೂರ ಹೆಚ್ಚಿದಷ್ಟೂ ರೋಗ ಉಲ್ಬಣ. ಫ್ಲೋರೈಟ್ ಹರಳು ಇದಕ್ಕೆ ಮದ್ದೆಂದು ಗೊತ್ತಿದ್ದರೂ ನೆಲದಲ್ಲಿ ಸಿಗುವ ಹರಳುಗಳು ದೊಡ್ಡ ಲೆನ್ಸಿಗೆ ಸಾಲುತ್ತಿರಲಿಲ್ಲ. ಕ್ಯಾನನ್ ಅದನ್ನು ಕುಲುಮೆಯಲ್ಲಿ ಕೃತಕವಾಗಿ ಬೆಳೆಸಿ 1969ರಲ್ಲಿ 300 ಮಿ.ಮೀ. ಎಫ್/5.6 ಲೆನ್ಸಿಗೆ ಹಾಕಿತು. ನಿಕಾನ್ ಬಣ್ಣಗಳನ್ನು ಕಡಿಮೆ ಚದುರಿಸುವ ತನ್ನದೇ ‘ಇಡಿ’ ಗಾಜನ್ನು ತಂದಿತು. ಮುಂದೆ ಇಂಥ ಗಾಜಿನ ಬೆಲೆ ಇಳಿದು ಸಾಮಾನ್ಯ ಜೂಮ್‌ಗಳಿಗೂ ಬಂದದ್ದೇ ಇವತ್ತಿನ ಅಗ್ಗದ ಲೆನ್ಸಿನ ಬುನಾದಿ. 1985ರ ಮಿನೋಲ್ಟಾ 7000 ಆಟೋಫೋಕಸ್ಸನ್ನು ಮನೆಮನೆಗೆ ಒಯ್ದಿತು; 1987ರಲ್ಲಿ ಕ್ಯಾನನ್ ಇಒಎಸ್ ವ್ಯವಸ್ಥೆ ಮೋಟಾರನ್ನು ಪ್ರತಿ ಲೆನ್ಸಿನೊಳಗೇ ಇಟ್ಟಿತು; ಅದರದೇ 1995ರ 75–300 ಮಿ.ಮೀ. ಜೂಮ್‌ನಲ್ಲಿ ಕೈನಡುಕ ತಡೆಯುವ ಸ್ಟೆಬಿಲೈಸರ್ ಬಂತು.

ಆಮೇಲೆ ಡಿಜಿಟಲ್. 2003ರಲ್ಲಿ ಅಮೆರಿಕದಲ್ಲಿ ಸಾವಿರ ಡಾಲರಿಗೂ ಕಡಿಮೆಗೆ ಕ್ಯಾನನ್ 300ಡಿ ಬಂದಾಗ ಎಲ್ಲರೂ ಮೆಗಾಪಿಕ್ಸೆಲ್ ಎಣಿಸುತ್ತಿದ್ದರು. ಬಜೆಟ್ ಛಾಯಾಗ್ರಾಹಕನಿಗೆ ನಿಜವಾದ ಲಾಭ ಬೇರೆ ಕಡೆ ಇತ್ತು. ಅದರ ಸೆನ್ಸರು ಫಿಲ್ಮಿಗಿಂತ ಚಿಕ್ಕದು, ಚಿತ್ರದ ನಡುಭಾಗವನ್ನಷ್ಟೇ ಹಿಡಿಯುತ್ತದೆ. ಹೀಗಾಗಿ 300 ಮಿ.ಮೀ. ಲೆನ್ಸು 480 ಮಿ.ಮೀ.ನಂತೆ ಕಾಣತೊಡಗಿತು. ಹಕ್ಕಿ ಹಿಂದೆ ಬಿದ್ದವರಿಗೆ ಇದು ಪುಕ್ಕಟೆ ಸಿಕ್ಕ ವರ. ನಿಸರ್ಗದೃಶ್ಯ ತೆಗೆಯುವವರಿಗೆ ಮಾತ್ರ ಶಾಪ: ಅವರ 24 ಮಿ.ಮೀ. ಅಗಲ ಲೆನ್ಸು ಏಕಾಏಕಿ 38 ಆಗಿಹೋಯಿತು.

ವನ್ಯಜೀವಿ ಛಾಯಾಗ್ರಹಣದ ಅರ್ಥವ್ಯವಸ್ಥೆ ನಿಜಕ್ಕೂ ಬದಲಾದದ್ದು 2013ರ ಕೊನೆಯಲ್ಲಿ, ಟ್ಯಾಮ್ರಾನ್ 150–600 ಮಿ.ಮೀ. ಎಫ್/5–6.3 ಘೋಷಿಸಿದಾಗ. ಬೆಲೆ 1,069 ಡಾಲರ್. 600 ಮಿ.ಮೀ. ಎಂದರೆ ಕಾರಿನ ಬೆಲೆ ಎಂಬ ನಂಬಿಕೆ ಅಂದು ಮುರಿಯಿತು. ಮರುವರ್ಷ ಸಿಗ್ಮಾ ಅದೇ ಅಳತೆಯಲ್ಲಿ ಎರಡು ಲೆನ್ಸು ತಂದಿತು, 2015ರಲ್ಲಿ ನಿಕಾನ್ 200–500 ಎಫ್/5.6 ಬಂತು. ನಮ್ಮ ಸಫಾರಿ ಜೀಪುಗಳಲ್ಲಿ ಇವು ಎಷ್ಟು ತುಂಬಿಕೊಂಡವೆಂದರೆ, ಹುಲಿ ಕಂಡ ಕಡೆ ಜೀಪಿನ ಒಂದು ಮಗ್ಗುಲು ಪೂರ್ತಿ ಒಂದೇ ತರದ ಕಪ್ಪು ಕೊಳವೆಗಳು.

ಇವೆಲ್ಲ ಎಫ್/5.6, ಎಫ್/6.3ರ ಹತ್ತಿರವೇ ನಿಂತದ್ದೇಕೆ? ಡಿಎಸ್‌ಎಲ್‌ಆರ್‌ನ ಹೊಟ್ಟೆಯಲ್ಲಿ ಉತ್ತರವಿದೆ. ಅದರ ಆಟೋಫೋಕಸ್ ಕಣ್ಣು ಕನ್ನಡಿಯ ಕೆಳಗೆ ಕೂತು, ಲೆನ್ಸಿನ ಎರಡು ಅಂಚುಗಳಿಂದ ಬರುವ ಬೆಳಕನ್ನು ಹೋಲಿಸಿ ನೋಡುತ್ತದೆ. ಲೆನ್ಸಿನ ಬಾಯಿ ತೀರಾ ಕಿರಿದಾದರೆ ಆ ಅಂಚುಗಳು ಅದಕ್ಕೆ ಕಾಣುವುದಿಲ್ಲ. ಹೆಚ್ಚಿನ ಕ್ಯಾಮೆರಾಗಳಿಗೆ ಎಫ್/5.6ರ ಆಸುಪಾಸು, ಕೆಲವಕ್ಕೆ ಎಫ್/8 ಗಡಿ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಫೋಕಸ್ ಕೆಲಸವನ್ನು ಸೆನ್ಸರೇ ವಹಿಸಿಕೊಂಡದ್ದರಿಂದ ಗಡಿ ಅಳಿಯಿತು. 2020ರಲ್ಲಿ ಕ್ಯಾನನ್ 600 ಮತ್ತು 800 ಮಿ.ಮೀ. ಎಫ್/11 ಲೆನ್ಸುಗಳನ್ನು 699 ಮತ್ತು 899 ಡಾಲರಿಗೆ ತಂದಾಗ ಎಫ್/11 ಎಂದು ನಕ್ಕವರು ಬಹಳ. ನಗುವ ವಿಷಯವಾಗಿರಲಿಲ್ಲ. ರಂಗನತಿಟ್ಟಿನಲ್ಲಿ ಬೆಳಗಿನ ಒಂಬತ್ತರ ಬಿಸಿಲಿಗೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗೆ ಎಫ್/11 ಧಾರಾಳ. ನಾಗರಹೊಳೆಯ ಬಿದಿರುಮೆಳೆಯೊಳಗೆ, ಸೂರ್ಯ ಮೇಲೇರುವ ಮುಂಚೆ, ಅದೇ ಲೆನ್ಸು ಬರೀ ಭಾರ.

ಈ ವ್ಯತ್ಯಾಸವೇ ವನ್ಯಜೀವಿ ಲೆನ್ಸಿನ ಆಯ್ಕೆಯ ತಿರುಳು. ಸಫಾರಿ ಸಿಗುವುದು ಮುಂಜಾನೆ ಮತ್ತು ಸಂಜೆ, ಅಂದರೆ ಬೆಳಕು ಕಡಿಮೆ ಇರುವ ಹೊತ್ತಿನಲ್ಲೇ. ಕಾಡಿನ ದಾರಿಯಲ್ಲಿ ಪ್ರಾಣಿ ಕೆಲವೊಮ್ಮೆ ಇಪ್ಪತ್ತು ಮೀಟರಿಗೇ ಬಂದು ನಿಲ್ಲುತ್ತದೆ; ಆಗ ಜೂಮ್ ಆಗದ 600 ಮಿ.ಮೀ. ಪ್ರೈಮ್ ಹಿಡಿದವನಿಗೆ ಹುಲಿಯ ಮುಖ, ಹೆಗಲು ಮಾತ್ರ ದಕ್ಕುತ್ತವೆ. ಆದ್ದರಿಂದ ಮೊದಲ ಲೆನ್ಸಾಗಿ ಜೂಮ್ ಜಾಣತನ. ಕೈಯಲ್ಲಿ ಮೂವತ್ತು ಸಾವಿರವೂ ಇಲ್ಲದವರಿಗೆ 70–300 ಅಥವಾ ಕ್ಯಾನನ್‌ನ 55–250 ಸಾಕು. ದೋಣಿಯಿಂದ ತೆಗೆಯುವ ಪೆಲಿಕನ್, ಬಣ್ಣದ ಕೊಕ್ಕರೆಗಳಿಗೆ ಅದಕ್ಕಿಂತ ಉದ್ದ ಬೇಕಾಗುವುದೇ ಅಪರೂಪ. ಲಕ್ಷದವರೆಗೆ ಹೋಗಬಲ್ಲವರು 150–600 ಕೊಳ್ಳಲಿ, ಜೊತೆಗೆ ದರ್ಜಿಯ ಬಳಿ ಗಟ್ಟಿ ಬಟ್ಟೆಯ ಚೀಲ ಹೊಲಿಸಿ ರಾಗಿಯನ್ನೋ ಅಕ್ಕಿಯನ್ನೋ ತುಂಬಿಕೊಳ್ಳಲಿ. ಜೀಪಿನ ಕಂಬಿಯ ಮೇಲೆ ಈ ಚೀಲ ಮಾಡುವ ಕೆಲಸವನ್ನು ದುಬಾರಿ ಟ್ರೈಪಾಡ್ ಮಾಡಲಾರದು. 500 ಮಿ.ಮೀ. ಎಫ್/8 ಕನ್ನಡಿ ಲೆನ್ಸು ಆರೇಳು ಸಾವಿರಕ್ಕೆ ಸಿಕ್ಕಿತೆಂದು ಹಿಗ್ಗುವವರಿಗೆ ಒಂದು ಮಾತು: ಬಹುಪಾಲು ಅಂಥವಕ್ಕೆ ಆಟೋಫೋಕಸ್ ಇಲ್ಲ, ಹಿನ್ನೆಲೆಯ ಪ್ರತಿ ಹೊಳಪೂ ಉದ್ದಿನವಡೆಯಂತೆ ನಡುವೆ ತೂತಿಟ್ಟುಕೊಂಡು ಬರುತ್ತದೆ.

ಕ್ರೀಡೆಗೆ ಬಂದರೆ ಲೆಕ್ಕ ಕಠಿಣ. ಕರಾವಳಿಯ ಕಂಬಳವನ್ನೇ ನೋಡಿ. ಹಗಲಿನ ಓಟಕ್ಕೆ ಯಾವ 70–300 ಆದರೂ ನಡೆಯುತ್ತದೆ. ಆದರೆ ಕಂಬಳ ರಾತ್ರಿಯಿಡೀ ನಡೆಯುತ್ತದೆ. ಫ್ಲಡ್‌ಲೈಟಿನ ಕೆಳಗೆ ಕಪ್ಪು ಕೋಣ, ಕಪ್ಪು ಕೆಸರು, ನಡುವೆ ಬೆಳ್ಳಗೆ ಚಿಮ್ಮುವ ನೀರು. ಓಟ ಮುಗಿಯುವ ಮಂಜೊಟ್ಟಿಯಲ್ಲಿ ನಿಂತವರಿಗೆ ಜೋಡಿ ನೇರ ಎದುರಿಗೇ ನುಗ್ಗಿ ಬರುತ್ತದೆ, ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆಟೋಫೋಕಸ್ಸಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ನೀರು ಚಿಮ್ಮಿಸುವ ಎತ್ತರವೇ ಸ್ಪರ್ಧೆಯಾದ ಕನೆಹಲಗೆ ವಿಭಾಗದಲ್ಲಿ ನೀರು ಎತ್ತರದ ನಿಶಾನೆಗೆ ಬಡಿಯುವ ಗಳಿಗೆಯನ್ನು ಹನಿಹನಿಯಾಗಿ ನಿಲ್ಲಿಸಬೇಕಾದರೆ ಶಟರ್ ಸೆಕೆಂಡಿನ ಸಾವಿರದ ಒಂದು ಭಾಗವಾದರೂ ಇರಬೇಕು. ಎಫ್/2.8ರಲ್ಲಿ ಅದಕ್ಕೆ ಐಎಸ್‌ಒ 3200 ಬೇಕಾದರೆ, ಎಫ್/6.3ರಲ್ಲಿ ಐದು ಪಟ್ಟು, ಅಂದರೆ 16,000 ಬೇಕು. ಸ್ಟೆಬಿಲೈಸರ್ ಇದೆಯಲ್ಲ ಎನ್ನಬೇಡಿ. ಅದು ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಕೋಣವನ್ನಲ್ಲ.

16,000 ಐಎಸ್‌ಒ ಎಂದರೆ ಹಿಂದೆ ಚಿತ್ರವೇ ಇಲ್ಲ ಎಂದರ್ಥ. 2007ರ ನಿಕಾನ್ ಡಿ3 ಬಂದ ಮೇಲೆ ಸೆನ್ಸರುಗಳು ಕತ್ತಲನ್ನು ಸಹಿಸತೊಡಗಿದವು. 2020ರಿಂದೀಚೆಗೆ ಡಿಎಕ್ಸ್‌ಒ, 2023ರಲ್ಲಿ ಲೈಟ್‌ರೂಮ್ ತಂದ, ಚಿತ್ರದ ಕಾಳು (ನಾಯ್ಸ್) ತೆಗೆಯುವ ತಂತ್ರಾಂಶಗಳು ಒಂದೆರಡು ಸ್ಟಾಪಿನ ನಷ್ಟವನ್ನು ಕಂಪ್ಯೂಟರಿನಲ್ಲೇ ತುಂಬಿಕೊಡುತ್ತಿವೆ. ಬೆಳಕು ಕೊನೆಗೂ ಅಗ್ಗವಾಗುತ್ತಿದೆ ಎಂದರೆ ಗಾಜಿನಿಂದಲ್ಲ, ಇಲ್ಲಿಂದ. ಆದರೂ ಗದ್ದಲದ ಹಿನ್ನೆಲೆಯನ್ನು ಕರಗಿಸಿ ಆಟಗಾರನನ್ನು ಎತ್ತಿ ತೋರಿಸುವ ಗುಣ ದೊಡ್ಡ ಅಪರ್ಚರಿಗೇ, ಅಂದರೆ ಲೆನ್ಸಿನ ಅಗಲ ಬಾಯಿಗೇ, ಮೀಸಲು. ಕ್ರೀಡೆಯ ಬಜೆಟ್ ಉಪಾಯ ಹಾಗಾಗಿ ಉದ್ದವನ್ನು ಬಿಟ್ಟುಕೊಟ್ಟು ಅಪರ್ಚರನ್ನು ಹಿಡಿದುಕೊಳ್ಳುವುದು. ಕಬಡ್ಡಿ, ಬ್ಯಾಡ್ಮಿಂಟನ್‌ಗೆ ಅಂಕಣದ ಅಂಚಿನಲ್ಲೇ ಕೂರಬಹುದು, 85 ಮಿ.ಮೀ. ಎಫ್/1.8, ಅದೂ ಆಗದಿದ್ದರೆ 50 ಮಿ.ಮೀ. ಎಫ್/1.8 ಅಲ್ಲಿ ದುಬಾರಿ ಜೂಮನ್ನೂ ಹಿಂದಿಕ್ಕುತ್ತವೆ. ಒಳಾಂಗಣದಲ್ಲಿ ಇನ್ನೊಂದು ಕಾಟವಿದೆ: ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಸತತ ತೆಗೆದ ಚಿತ್ರಗಳಲ್ಲಿ ಒಂದು ಬೆಳ್ಳಗೆ ಬಂದರೆ ಇನ್ನೊಂದು ಕಂದು. ಆಂಟಿ-ಫ್ಲಿಕರ್ ಸೌಲಭ್ಯವಿರುವ ಬಾಡಿ ಇದ್ದರೆ ಉಪಯೋಗಿಸಬೇಕು. ಕ್ರಿಕೆಟ್ ಮೈದಾನದ ಹಗ್ಗದಾಚೆಯಿಂದ ಬ್ಯಾಟ್ಸ್‌ಮನ್‌ನ ಮುಖ ತುಂಬಿಸುವ ಆಸೆಗೆ ಮಾತ್ರ ಅಗ್ಗದ ದಾರಿ ಇಲ್ಲ.

ನಿಸರ್ಗದೃಶ್ಯದ ವಿಷಯ ಬೇಗ ಮುಗಿಯುತ್ತದೆ, ಏಕೆಂದರೆ ಇಲ್ಲಿ ಬೆಳಕೂ ಬೇಡ, ಬೆಟ್ಟ ಓಡಿಹೋಗುವುದೂ ಇಲ್ಲ. 1932ರಲ್ಲಿ ಆನ್ಸೆಲ್ ಆಡಮ್ಸ್ ಮತ್ತು ಗೆಳೆಯರು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿಕೊಂಡ ಕೂಟದ ಹೆಸರೇ ‘ಗ್ರೂಪ್ ಎಫ್/64’. ಸಣ್ಣ ಅಪರ್ಚರಿನಲ್ಲಿ ಕಾಲಬುಡದ ಕಲ್ಲಿನಿಂದ ಶಿಖರದವರೆಗೂ ಚೊಕ್ಕವಾಗಿ ಕಾಣಬೇಕೆಂಬುದು ಅವರ ಹಟ. ಅವರ ದೊಡ್ಡ ಕ್ಯಾಮೆರಾಗಳಿಗೆ ಅದು ಸರಿ. ನಮ್ಮ ಪುಟ್ಟ ಸೆನ್ಸರುಗಳಲ್ಲಿ ಎಫ್/16 ದಾಟಿದರೆ ವಿವರ್ತನೆಯಿಂದ ಚಿತ್ರ ಮಂಕಾಗುತ್ತದೆ. ಎಫ್/8ರ ಆಸುಪಾಸಿನಲ್ಲಿ, ಗಟ್ಟಿ ಟ್ರೈಪಾಡಿನ ಮೇಲೆ, ಕ್ಯಾಮೆರಾ ಜೊತೆ ಬಂದ 18–55 ಕಿಟ್ ಲೆನ್ಸಿಗೂ ನಾಲ್ಕು ಪಟ್ಟು ಬೆಲೆಯದಕ್ಕೂ ಇರುವ ಅಂತರ ಹುಡುಕಿದರೂ ಸಿಗುವುದಿಲ್ಲ. ಇನ್ನೂ ಅಗಲ ಬೇಕೆನ್ನುವವರಿಗೆ 2014ರಲ್ಲಿ 299 ಡಾಲರಿಗೆ ಬಂದ ಕ್ಯಾನನ್ 10–18, ನಿಕಾನ್‌ನಲ್ಲಿ 10–20 ಇವೆ. ಪ್ಲಾಸ್ಟಿಕ್ ಮೈ ಎಂದು ಹಳಿಯುವವರು ಅದನ್ನು ಹೊತ್ತು ಕುದುರೆಮುಖ ಹತ್ತಿ ನೋಡಲಿ. ಕ್ಯಾನನ್ 10–18ರ 240 ಗ್ರಾಂ ತೂಕ ಅಲ್ಲಿ ಗುಣ. ಉಳಿದ ದುಡ್ಡನ್ನು ಪೋಲರೈಸರ್ ಫಿಲ್ಟರಿಗೆ ಹಾಕುವುದು ಮೇಲು. ಮಳೆಗಾಲದ ಆಗುಂಬೆಯಲ್ಲಿ ಒದ್ದೆ ಎಲೆಯ ಬಿಳಿ ಹೊಳಪನ್ನು ಕಳೆದು ಹಸಿರನ್ನು ಹೊರತರುವ ಆ ಕೆಲಸ ಯಾವ ತಂತ್ರಾಂಶಕ್ಕೂ ಬರುವುದಿಲ್ಲ. ಮುಳ್ಳಯ್ಯನಗಿರಿಯಿಂದ ಕಾಣುವ ಬೆಟ್ಟದ ಸಾಲುಗಳನ್ನು ಒಂದರ ಮೇಲೊಂದು ಒತ್ತಿ ತೋರಿಸಲು ಹಕ್ಕಿಗೆಂದು ಕೊಂಡ 55–250 ಅಗಲ ಲೆನ್ಸಿಗಿಂತ ಚೆನ್ನ.

ಮಿರರ್‌ಲೆಸ್‌ಗೆ ಜನ ಬದಲಾಗುತ್ತಿರುವುದರಿಂದ ಡಿಎಸ್‌ಎಲ್‌ಆರ್ ಲೆನ್ಸುಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ರಾಶಿ ಬೀಳುತ್ತಿವೆ. ಬಜೆಟ್ ಛಾಯಾಗ್ರಾಹಕನಿಗೆ ಇಷ್ಟು ಒಳ್ಳೆಯ ಕಾಲ ಹಿಂದೆ ಬಂದಿರಲಿಲ್ಲ. 300 ಮಿ.ಮೀ. ಎಫ್/4, ಹಳೆಯ 70–200 ಎಫ್/2.8ನಂಥವು ಹೊಸ ಅಗ್ಗದ ಜೂಮ್‌ನ ಬೆಲೆಗೇ ಸಿಗುತ್ತವೆ. ಮಲೆನಾಡು, ಕರಾವಳಿಯಲ್ಲಿ ಬಳಸಿದ ಲೆನ್ಸಾದರೆ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರಬಲೆಯಂಥ ಬೂಷ್ಟಿನ ಎಳೆ ಇದೆಯೇ ನೋಡಬೇಕು. ಇದ್ದರೆ ಎಷ್ಟು ಇಳಿಸಿ ಕೊಟ್ಟರೂ ಬೇಡ. ಆಮೇಲೆ ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆ. ಕ್ಯಾನನ್ ಇಎಫ್ ಲೆನ್ಸುಗಳಲ್ಲಿ ಮೋಟಾರು ಒಳಗೇ ಇರುವುದರಿಂದ ಅಡಾಪ್ಟರ್ ಹಾಕಿದರೆ ಹೊಸ ಮಿರರ್‌ಲೆಸ್ ಬಾಡಿಯ ಮೇಲೂ ಆಟೋಫೋಕಸ್ ಸಲೀಸಾಗಿ ನಡೆಯುತ್ತದೆ. ನಿಕಾನ್‌ನಲ್ಲಿ ಎಎಫ್-ಎಸ್ ಎಂದು ಬರೆದಿದ್ದರೆ ಚಿಂತೆಯಿಲ್ಲ. ಎಎಫ್-ಡಿ ಆಗಿದ್ದರೆ ಅದರ ಫೋಕಸ್ ತಿರುಗಿಸುವ ಮೋಟಾರು ಹಳೆಯ ಬಾಡಿಯಲ್ಲಿ ಇತ್ತು. ಡಿ3000, ಡಿ5000 ಸರಣಿಯಲ್ಲೂ ಅದಿಲ್ಲ, ನಿಕಾನ್ ಮಿರರ್‌ಲೆಸ್‌ಗೆ ಹಾಕುವ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇಲ್ಲ, ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕಾಗುತ್ತದೆ.