ನಂದಿ ಸೀಮೆಯ ಕಲ್ಲುಗಣಿಗಳ ಕುರುಹುಗಳು

ದುರ್ಗಗಳನ್ನು ಗೆದ್ದವರ ಮತ್ತು ಕಳೆದುಕೊಂಡವರ ವೃತ್ತಾಂತ ನಮ್ಮ ಇತಿಹಾಸಗ್ರಂಥಗಳಲ್ಲಿ ವಿಪುಲವಾಗಿದೆ. 1791ರ ಅಕ್ಟೋಬರ್ 19ರ ರಾತ್ರಿ ಆಂಗ್ಲ ಸೈನ್ಯವು ನಂದಿದುರ್ಗವನ್ನು ಲಗ್ಗೆಹತ್ತಿ ಹಿಡಿದ ಸಂಗತಿ ಸರ್ವವಿದಿತ. ಆದರೆ ಆ ಕೋಟೆಯ ಕಲ್ಲನ್ನು ಬಂಡೆಯಿಂದ ಬಿಡಿಸಿದವರ ಚರಿತ್ರೆ ಬರೆಯಲ್ಪಟ್ಟಿಲ್ಲ. ಅದರ ಆಧಾರಗಳನ್ನು ಬಂಡೆಗಳ ಮೈಮೇಲೆಯೇ ಅರಸಬೇಕಾಗಿದೆ.

ಇಂಗ್ಲೆಂಡಿನ ಬ್ರಾಂಡನ್ನಿನಲ್ಲಿ ಬಂದೂಕಿನ ಚಕಮಕಿ ಕಲ್ಲು ತಯಾರಿಸುತ್ತಿದ್ದವರು ಬಿಟ್ಟುಹೋದ ಚಕ್ಕೆಗಳು ಆ ಕಸುಬಿನ ಕ್ರಮವನ್ನು ತಿಳಿಸುತ್ತವೆ. ಅಲ್ಲಿನ ಚಕಮಕಿ ಸೀಮೆಸುಣ್ಣದ ಸ್ತರಗಳಲ್ಲಿ ದೊರೆಯುವಂಥದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನೆಲ ಪ್ರಧಾನವಾಗಿ ಗ್ರಾನೈಟು ಮತ್ತು ನೈಸ್ ಶಿಲೆಗಳದು. ಅಂತಹ ಸ್ತರಗಳು ಇಲ್ಲಿಲ್ಲ. ಆದರೂ ಕಸುಬಿನ ಕಸವೇ ಕಸುಬಿನ ದಾಖಲೆ ಎಂಬ ತತ್ತ್ವ ಇಲ್ಲಿಗೂ ಸಲ್ಲುತ್ತದೆ.

ಕಲ್ಲು ಬಿಡಿಸುವ ವಿಧಾನಗಳಲ್ಲಿ ಎರಡು ಮುಖ್ಯವಾದುವು. ಮೊದಲನೆಯದು, ಉಳಿಯಿಂದ ಸಾಲಾಗಿ ಗುಳಿ ತೋಡಿ, ಬೆಣೆಯಿಟ್ಟು ಬಡಿದು ಸೀಳುವುದು. ಸೀಳಿದ ಎರಡು ಅಂಚುಗಳಲ್ಲಿಯೂ ಅರ್ಧ ಗುಳಿಗಳು ಉಳಿಯುತ್ತವೆ. ಎರಡನೆಯದು ಬೆಂಕಿಯ ವಿಧಾನ. ಬೆಂಗಳೂರಿನಲ್ಲಿ ನಡೆದ ಇಂತಹ ಕೆಲಸವೊಂದನ್ನು ವಾರ್ತ್ ಎಂಬ ವಿದ್ವಾಂಸರು 1895ರಲ್ಲಿ ವರ್ಣಿಸಿದ್ದಾರೆ. 7 ಅಡಿ ಉದ್ದದ ಸೌದೆಯ ಬೆಂಕಿಯನ್ನು ಹೊತ್ತಿಸಿ, ಸುತ್ತಿಗೆಯ ಸದ್ದಿನಿಂದ ಕಲ್ಲು ಬಿಟ್ಟಿತೆಂದು ತಿಳಿದೊಡನೆ ಅದನ್ನು ಕೆಲವು ಅಂಗುಲ ಮುಂದಕ್ಕೆ ಸರಿಸುತ್ತಿದ್ದರು. ಎಂಟು ಗಂಟೆಗಳಲ್ಲಿ ಸುಮಾರು 740 ಚದರಡಿಯ, 5 ಅಂಗುಲ ದಪ್ಪದ ಚಪ್ಪಡಿ ಬಿಟ್ಟಿತು. ಒಂದು ಪೌಂಡು ಸೌದೆಗೆ 30 ಪೌಂಡು ಕಲ್ಲು ದೊರೆಯಿತು.

ಈ ಎರಡನೆಯ ವಿಧಾನದ ಕುರುಹುಗಳನ್ನು ಗುರುತಿಸುವುದು ಕಠಿನ. ಬೂದಿ ಮಳೆಗೆ ಕೊಚ್ಚಿಹೋಗುತ್ತದೆ; ಅಂಗುಲದ ಎಂಟನೆಯ ಒಂದು ಭಾಗ ದಪ್ಪದ ಚಕ್ಕೆಗಳಷ್ಟೇ ಉಳಿಯಬಹುದು. ಗ್ರಾನೈಟು ಸ್ವಭಾವತಃ ಪದರಪದರವಾಗಿ ಏಳುವುದರಿಂದ, ಪದರವೆದ್ದ ಬಂಡೆಯನ್ನು ಕಂಡಮಾತ್ರಕ್ಕೆ ಅದು ಮನುಷ್ಯಕೃತವೆಂದು ಹೇಳಲಾಗದು. ಇದ್ದಲು ದೊರೆತರೂ, ಕಳೆದ ಮುನ್ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಕಾಲಗಣನೆ ನಿಖರವಾಗಿರುವುದಿಲ್ಲ. ಆದಕಾರಣ ಕಾಲ ತಿಳಿದ ಕಟ್ಟಡವೇ ನಮಗೆ ಅಳತೆಗೋಲು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಬಲಪಡಿಸಿದ ನಂದಿದುರ್ಗದ ಗೋಡೆಗಳ ಕಲ್ಲುಗಳಲ್ಲಿ ಬೆಣೆಗುಳಿಗಳಿದ್ದರೆ, ಅವುಗಳ ಅಗಲ, ಆಳ, ಅಂತರಗಳನ್ನು ಸುತ್ತಲಿನ ಬಂಡೆಗಳ ಗುಳಿಗಳೊಡನೆ ಹೋಲಿಸಿ ನೋಡಬೇಕು.

ಈ ಕಾರ್ಯಕ್ಕೆ ಅವಕಾಶ ಕಿರಿದಾಗುತ್ತಿದೆ. ಯಂತ್ರದಿಂದ ಕೊರೆದು ಮದ್ದಿಟ್ಟು ಸಿಡಿಸುವ ಇಂದಿನ ಗಣಿಗಾರಿಕೆ ಹಳೆಯ ಬಂಡೆಯ ಮೇಲ್ಮೈಯನ್ನೇ ಮೊದಲು ಅಳಿಸುತ್ತದೆ. ಶಾಸನಕ್ಕೆ ಪಡಿಯಚ್ಚು ಉಂಟು; ಗುಳಿಯ ಸಾಲಿಗೆ ಇಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಬಂಡೆಗಳನ್ನು ಅಳೆದು, ನಕ್ಷೆ ಬರೆದು, ವೃದ್ಧ ಕಲ್ಲುಕುಟಿಗರಿಂದ ಕಸುಬಿನ ಮಾತುಗಳನ್ನು ಸಂಗ್ರಹಿಸಿದಲ್ಲಿ, ಹೆಸರಿಲ್ಲದ ಈ ಶ್ರಮಿಕರ ಚರಿತ್ರೆಗೆ ತಳಹದಿ ದೊರೆತಂತಾಗುವುದು.